ಎಡಗೈ ಕಾಜಾ

ಟೈಲರಕ್ಕ,

'ಪ್ರೀತಿಯ' ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಆ ಮಾತು ಬಳಸುವ ಮುಖ ನನಗೆ ಉಳಿದಿಲ್ಲ. ಇಡೀ ಕಟ್ಟಡ ಕರೆಯುತ್ತಿದ್ದ ಹಾಗೆ ಬರೀ ಟೈಲರಕ್ಕ ಎನ್ನುತ್ತೇನೆ. ಕೊನೆಯ ಸಲ ನಿನ್ನ ಬಾಗಿಲಲ್ಲಿ ನೀನು ನನ್ನನ್ನು ಕರೆದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೋದ ವಾರ ನೀನು ಶವಾಗಾರಕ್ಕೆ ಹೋಗಿದ್ದೆಯಂತೆ. ಕೆಳಗಿನ ಇಸ್ತ್ರಿಯವನು ಹೇಳಿದ. ಗುರುತು ಸಿಗದ ಹೆಂಗಸಿನ ಹೆಣ ಬಂದಿದೆ ಎಂದು ಯಾರೋ ಹೇಳಿದ್ದಕ್ಕೆ ಒಬ್ಬಳೇ ಹೋಗಿ, ಮುಖವನ್ನೂ ಸರಿಯಾಗಿ ನೋಡದೆ ಎಡಗೈ ಮಾತ್ರ ನೋಡಿ, "ಇವಳಲ್ಲ" ಎಂದು ಹೇಳಿ ಹೊರಗೆ ಬಂದು ನೆಲದ ಮೇಲೆ ಕೂತುಬಿಟ್ಟೆಯಂತೆ. ಅದಕ್ಕೇ ಬರೆಯಲು ಕೂತೆ. ಆದರೆ ಆ ಮಾತಿಗೆ ಬರುವ ಮೊದಲು ನನ್ನ ತಪ್ಪನ್ನು ಒಂದು ಸಲವಾದರೂ ಪೂರ್ತಿ ಹೇಳಬೇಕು. ನೀನು ಅರ್ಧ ಕೇಳಿ ಬಾಗಿಲು ಹಾಕಿಕೊಂಡೆ. ಪೂರ್ತಿ ಕೇಳಿದ್ದರೆ ನನ್ನ ಮೇಲೆ ಇನ್ನಷ್ಟು ಉಗಿಯುತ್ತಿದ್ದೆ.

ಏಳು ವರ್ಷದ ಹಿಂದೆ ನಾವು ನಾಲ್ಕು ಜನ ಈ ಕಟ್ಟಡಕ್ಕೆ ಬಂದಾಗ, ಮೆಷಿನ್ನಿನಿಂದ ತಲೆಯನ್ನೂ ಎತ್ತದೆ ನೀನು ಕೇಳಿದ್ದೆ, "ಎಷ್ಟು ದಿನಕ್ಕೆ?" ಕಷ್ಟದಲ್ಲಿರುವವರ ನಡುವೆ ಹೋಗಿ ಬದುಕಿ, ಅವರಿಗೆ ನೆರೆಯವರಾಗಿ ಎಂದು ನಮ್ಮ ಚರ್ಚಿನ ಸಭೆ ತಲೆಯ ಮೇಲೆ ಕೈಯಿಟ್ಟು ನಮ್ಮನ್ನು ಕಳಿಸಿತ್ತು. ಕೆಟ್ಟು ನಿಂತ ಲಿಫ್ಟು, ಮಹಡಿಗೊಂದು ನಲ್ಲಿ, ಆ ನಲ್ಲಿಯಲ್ಲೂ ಬೆಳಿಗ್ಗೆ ಒಂದು ಗಂಟೆ ಮಾತ್ರ ನೀರು. ಮೊದಲ ವರ್ಷವೇ ಒಬ್ಬಳಿಗೆ ಉಬ್ಬಸ ಶುರುವಾಯಿತು. ಎರಡನೆಯ ವರ್ಷ ಗಂಡ ಹೆಂಡತಿಗೆ ಮಗುವಿನ ಸ್ಕೂಲು ನೆನಪಾಯಿತು. ಹೋಗುವಾಗ ಎಲ್ಲರೂ ದೇವರು ಬೇರೆ ಕಡೆ ಕರೆದ ಎಂದರು. ನನ್ನನ್ನು ಆತ ಎಲ್ಲಿಗೂ ಕರೆಯಲಿಲ್ಲ. ಕರೆದಿದ್ದರೂ ನಿನ್ನ ಮೆಷಿನ್ನಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ನಾನು ಉಳಿದೆ. ಬೆಳಿಗ್ಗೆ ಐದನೇ ಮಹಡಿಯ ತಾತನಿಗೆ ನೀರು ಹೊತ್ತು, ಆಸ್ಪತ್ರೆಗೆ ಹೋಗಿ ಚೀಟಿ ಬರೆಯುವ ನನ್ನ ಕೆಲಸ ಮುಗಿಸಿ, ಸಂಜೆ ಯಾರದೋ ಅರ್ಜಿ ಬರೆದು, ಯಾರದೋ ಜ್ವರದ ಪಕ್ಕ ಕೂತು, ಕೊನೆಗೆ ನಿನ್ನ ಬಾಗಿಲಿಗೆ ಬರುತ್ತಿದ್ದೆ. ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡೇ ನೀನು ಇಡೀ ಕಟ್ಟಡದ ಸುದ್ದಿ ಹೇಳುತ್ತಿದ್ದೆ. ಒಂದು ದಿನವೂ ಒಂದು ಸೂಜಿ ಬೀಳಲಿಲ್ಲ, ಒಬ್ಬರ ಗುಟ್ಟೂ ಬೀಳಲಿಲ್ಲ. ಅದನ್ನು ನೋಡಿಯಾದರೂ ನಾನು ಕಲಿಯಬೇಕಿತ್ತು. ಎರಡು ಮಾತಿಗೊಂದು ಆಮೆನ್ ಅನ್ನುತ್ತೇನೆಂದು ನನಗೆ ಆ ಹೆಸರೇ ಇಟ್ಟೆ. "ಏ ಆಮೆನ್, ಆ ಕತ್ತರಿ ಕೊಡು." ನಿನ್ನ ದೇವರು ಬೇರೆ, ನನ್ನ ದೇವರು ಬೇರೆ. ಅದರಿಂದ ನಮ್ಮಿಬ್ಬರಿಗೂ ಏನೂ ಕೊರತೆ ಆಗಲಿಲ್ಲ.

ಆಮೇಲೆ ಆ ಹುಡುಗಿ ಬಂದಳು, ನಿನ್ನ ತಮ್ಮನ ಹೆಂಡತಿ. ಮಣಿಕಟ್ಟು ಊದಿಕೊಂಡು ಬಂದವಳನ್ನು ಮೆಷಿನ್ನಿನ ಹಿಂದಿನ ಅರ್ಧ ಕೋಣೆಯಲ್ಲಿ ಕೂರಿಸಿ ಪರದೆ ಎಳೆದೆ. ಒಡಹುಟ್ಟಿದ ತಮ್ಮನಿಂದಲೇ ಅವನ ಹೆಂಡತಿಯನ್ನು ಬಚ್ಚಿಡುವ ಅಕ್ಕನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಊತಕ್ಕೆ ಮುಲಾಮು ಬೇಕೆಂದು ನನ್ನನ್ನು ಒಳಗೆ ಕರೆದು ಹೇಳಿದೆ, "ಅವನನ್ನ ಎತ್ತಿ ಬೆಳೆಸಿದ್ದು ನಾನೇ. ಆ ಕೈ ಎಷ್ಟು ಭಾರ ಅಂತ ನಂಗೆ ಗೊತ್ತು. ಇದು ನಿನ್ನಲ್ಲೇ ಇರ್ಲಿ." ಇರುತ್ತೆ ಅಕ್ಕ ಎಂದೆ. ಆಮೆನ್ ಎಂದೂ ಸೇರಿಸಿದೆ.

ಆ ಗುಟ್ಟು ನನ್ನಲ್ಲಿ ಹತ್ತೊಂಬತ್ತು ದಿನ ಇತ್ತು. ಆ ಹತ್ತೊಂಬತ್ತು ದಿನಗಳಂಥ ದಿನಗಳು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ಊತ ಇಳಿದ ಮೇಲೆ ಅವಳ ಕೈಗೆ ನೀನು ಸೂಜಿ ಕೊಟ್ಟೆ. ಸ್ಕೂಲ್ ಶರ್ಟುಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುವುದು ಕಲಿಸಿದೆ. ಅವಳೋ ಎಡಚಿ. ಹೊಲಿಗೆಯ ಗಂಟುಗಳೆಲ್ಲ ತಿರುಗಾಮುರುಗಾ ಬೀಳುತ್ತಿದ್ದವು, ಕಾಜಾದ ಒಂದು ತುದಿ ಯಾವಾಗಲೂ ಸೊಟ್ಟಗೆ ಮುಚ್ಚಿಕೊಳ್ಳುತ್ತಿತ್ತು. "ನಿನ್ನ ಕಾಜಾ ಕಣ್ಣು ಹೊಡೀತಿದೆ ಕಣೇ ಎಡಚಿ. ಗಿರಾಕಿ ನನ್ನ ಹೊಡೀತಾನೆ" ಎಂದೆ. ಹೊಡೆಯುವ ಮಾತಿಗೆ ಅವಳು ನಕ್ಕಿದ್ದು ಅದೇ ಮೊದಲು. ನಾವು ಮೂವರೂ ಪರದೆಯ ಹಿಂದೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕೆವು.

ಈಗ ಬುಧವಾರದ ಮಾತು. ನಮ್ಮ ಸಭೆಯ ಹೆಂಗಸರು ಬುಧವಾರ ಬೆಳಿಗ್ಗೆ ದುಂಡಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಬ್ಬೊಬ್ಬರೂ ಒಂದು ಪ್ರಾರ್ಥನಾ ವಿಷಯ ಹೇಳಬೇಕು. ಒಬ್ಬಳ ಮಗನ ಪರೀಕ್ಷೆ, ಇನ್ನೊಬ್ಬಳ ಮಂಡಿನೋವು, ಮತ್ತೊಬ್ಬಳ ಮನೆಯ ಗಾರೆ ಕೆಲಸ. ನನ್ನ ಸರದಿ ಬಂದಾಗ ಮಾತ್ರ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ಆ ಕಟ್ಟಡದಲ್ಲಿ ಬದುಕುವವಳಲ್ಲವೇ, ನನ್ನ ಬುಟ್ಟಿಯಲ್ಲಿ ದೊಡ್ಡ ದುಃಖಗಳೇ ಇರುತ್ತವೆ. ಏಳು ವರ್ಷ ನಿಮ್ಮ ಕಣ್ಣೀರನ್ನು ವಾರಕ್ಕೊಂದರಂತೆ ಅಲ್ಲಿಗೆ ಹೊತ್ತೆ. ಅವರು ಚ್ಚು ಚ್ಚು ಎಂದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಇದನ್ನು ಇಷ್ಟು ನೇರವಾಗಿ ನಾನು ನನಗೇ ಹೇಳಿಕೊಂಡಿರಲಿಲ್ಲ.

ಆ ಬುಧವಾರ ನನ್ನ ಹತ್ತಿರ ಬೇರೆ ವಿಷಯವಿರಲಿಲ್ಲ. ಇಲ್ಲ ಎನ್ನಬಹುದಿತ್ತು. "ಗಂಡನ ಕೈಗೆ ಹೆದರಿ ಅಡಗಿರುವ ಒಬ್ಬ ಸಹೋದರಿಗಾಗಿ, ಅವಳನ್ನು ಕಾಪಾಡುತ್ತಿರುವ ಗಂಡನ ಅಕ್ಕನಿಗಾಗಿ" ಎಂದೆ. ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲ ಎಂಬುದೇ ನನ್ನ ಜಾಣತನ. ಬಟ್ಟೆ ಹೊಲಿದು ಬದುಕುವ ಬಡ ಅಕ್ಕ ಎಂದು ಒಗ್ಗರಣೆ ಬೇರೆ ಹಾಕಿದೆ. ನಮ್ಮ ಕಟ್ಟಡದಲ್ಲಿ ಟೈಲರಕ್ಕಂದಿರು ಎಷ್ಟು ಜನ, ಅಕ್ಕ? ಮಧ್ಯಾಹ್ನದ ಹೊತ್ತಿಗೆ ಅದು ಪಟ್ಟಿಯಾಗಿ ಎಲ್ಲರ ಫೋನಿಗೂ ಹೋಯಿತು, ದಯವಿಟ್ಟು ಪ್ರಾರ್ಥಿಸಿ, ಬೇರೆಯವರಿಗೂ ಕಳಿಸಿ ಎಂಬ ಸಾಲಿನೊಂದಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ದುಂಡಿನಲ್ಲಿ ಬೇಕರಿ ಅಮ್ಮ ಇದ್ದಳು. ನಿನ್ನ ತಮ್ಮ ಬ್ರೆಡ್ಡಿನ ವ್ಯಾನು ಓಡಿಸುವುದು ಅವರ ಬೇಕರಿಗೇ ಎಂದು ನನಗೆ ತಿಳಿದಿರಲಿಲ್ಲ. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ. ಹೆಂಡತಿ ಕಾಣೆಯಾಗಿದ್ದಾಳೆಂದು ಅವಳ ಮುಂದೆ ಅವನು ಅತ್ತಿದ್ದನಂತೆ. ಒಡೆದ ಸಂಸಾರ ಕೂಡಿಸುವ ಪುಣ್ಯ ತನ್ನ ಪಾಲಿಗೆ ಬಂತು ಎಂದುಕೊಂಡಳು.

ಶುಕ್ರವಾರ ಹನ್ನೊಂದು ಗಂಟೆಗೆ ಮೂವರೂ ಮೆಟ್ಟಿಲು ಹತ್ತಿದರು. ನಮ್ಮ ಪಾಸ್ಟರು, ಬೇಕರಿ ಅಮ್ಮ, ತಲೆ ಬಾಚಿ ಶುಭ್ರವಾಗಿದ್ದ ನಿನ್ನ ತಮ್ಮ. ಆ ದಿನ ನನಗೆ ರಜೆ. ತಾತನ ಕೊಡ ಹಿಡಿದು ಮೇಲಿನಿಂದ ಇಳಿಯುತ್ತಿದ್ದವಳು ನಿಮ್ಮ ಬಾಗಿಲ ಎದುರಿಗೇ ನಿಂತುಬಿಟ್ಟೆ. "ಜಗಳಕ್ಕೆ ಬಂದಿಲ್ಲಮ್ಮ, ಸಮಾಧಾನ ಮಾಡ್ಸೋಕೆ ಬಂದಿದ್ದೀವಿ" ಎಂದರು ಪಾಸ್ಟರು. ನೀನು ಕೈಯಲ್ಲಿದ್ದ ಬಟ್ಟೆಯ ಕತ್ತರಿ ಕೆಳಗಿಡದೆ ಬಾಗಿಲಿಗೆ ಅಡ್ಡ ನಿಂತೆ. ಆಗ ಪಾಸ್ಟರು ನನ್ನನ್ನು ನೋಡಿ, ಮೆಚ್ಚುಗೆಯಿಂದ ತಲೆದೂಗಿ, "ಈ ಸಹೋದರಿ ಹೇಳದೇ ಇದ್ದಿದ್ರೆ ನಮಗೆ ತಿಳೀತಾನೇ ಇರ್ಲಿಲ್ಲ" ಎಂದುಬಿಟ್ಟರು. ನೀನು ತಿರುಗಿ ನನ್ನ ಮುಖ ನೋಡಿದೆ. ಆಮೇಲೆ ಕತ್ತರಿ ಹಿಡಿದ ಕೈ ತಾನಾಗಿ ಕೆಳಗೆ ಬಂತು. ಪರದೆ ಸರಿಸಿಕೊಂಡು ಅವಳೇ ಹೊರಗೆ ಬಂದಳು. "ಹೋಗ್ತೀನಿ ಅಕ್ಕ, ನಿಮಗ್ಯಾಕೆ ತೊಂದ್ರೆ" ಎಂದಳು. ಆರು ಕಾಜಾದ ಶರ್ಟು ಐದನೆಯದರ ಅರ್ಧದಲ್ಲಿ ನಿಂತಿತ್ತು. ಸೂಜಿ ಅದರಲ್ಲೇ ಇತ್ತು.

ಭಾನುವಾರ ಇಬ್ಬರನ್ನೂ ವೇದಿಕೆಗೆ ಕರೆದು ನಿಲ್ಲಿಸಿದರು. ದೇವರು ಕುಟುಂಬವನ್ನು ಕೂಡಿಸಿದ ಎಂದು ಅವನು ಸಾಕ್ಷಿ ಹೇಳಿದ, ಚೆನ್ನಾಗಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಅಕ್ಕ, ಎರಡು ಸಲ. ಅಷ್ಟರಲ್ಲಿ ಶಾಲಿನ ಕೆಳಗಿದ್ದ ಅವಳ ಎಡಗೈ ಕಂಡಿತು. ಎರಡು ಬೆರಳು ಸೇರಿಸಿ ಪಟ್ಟಿ ಕಟ್ಟಿತ್ತು. ಬಾಗಿಲಿಗೆ ಸಿಕ್ಕಿತಂತೆ ಎಂದು ಪಕ್ಕದವಳು ಪಿಸುಗುಟ್ಟಿದಳು. ಆ ಬಾಗಿಲು ತೆಗೆದವಳು ನಾನು.

ಕ್ಷಮೆ ಕೇಳಲು ನಿನ್ನಲ್ಲಿಗೆ ಬಂದು, ದೇವರ ಮುಂದೆ ಇಟ್ಟೆ ಅಷ್ಟೇ ಅಕ್ಕ ಎಂದೆ. ಅದಕ್ಕಿಂತ ನಾಚಿಕೆಗೇಡಿನ ಮಾತು ನನ್ನ ಬಾಯಿಂದ ಬಂದಿಲ್ಲ. "ದೇವರಿಗೆ ಹೇಳಿದ್ರೆ ಪರವಾಗಿರ್ಲಿಲ್ಲ. ಅವನು ಯಾರಿಗೂ ಹೇಳ್ತಿರ್ಲಿಲ್ಲ" ಎಂದೆ ನೀನು. ಆಮೇಲೆ ಆ ಹೆಸರು ಕರೆದೆ, ಬಾಗಿಲು ಹಾಕಿದೆ. ಒಂದು ತಿಂಗಳಲ್ಲಿ ತಮ್ಮನ ಮನೆಯಲ್ಲಿದ್ದ ನಿಮ್ಮಮ್ಮ ಹಾಸಿಗೆ ಹಿಡಿದರು, ನೋಡಿಕೊಳ್ಳಲು ನೀನು ಮೆಷಿನ್ನು ಕಟ್ಟಿಕೊಂಡು ಆ ಮನೆಗೇ, ಅದೇ ತಮ್ಮನ ಸೂರಿನ ಕೆಳಗೇ ಹೋದೆ. ಅವಳ ಪಕ್ಕದಲ್ಲಾದರೂ ಇರುತ್ತೇನೆಂದು ಹೋದೆ ಎಂದು ನನಗೆ ಗೊತ್ತು. ಆ ಶರ್ಟನ್ನು ಸೂಜಿ ಸಮೇತ ಮಡಚಿ ಟ್ರಂಕಿನ ತಳಕ್ಕೆ ಹಾಕಿದ್ದನ್ನು ಮೆಟ್ಟಿಲ ಮರೆಯಿಂದ ನೋಡಿದ್ದೆ.

ಅಲ್ಲಿಂದಲೂ ಅವಳು ತಪ್ಪಿಸಿಕೊಂಡಳು. ನಿನಗೂ ಹೇಳಲಿಲ್ಲ. ಈಗ ಎರಡು ತಿಂಗಳಾಯಿತು. ನೀನೇ ಎಲ್ಲೋ ಬಚ್ಚಿಟ್ಟಿದ್ದೀ ಎಂದು ಅವನು ನಿನ್ನ ಫೋನು ಕಿತ್ತಿಟ್ಟುಕೊಂಡಿದ್ದಾನೆ, ನಿನಗೆ ಬರುವ ಒಂದು ಚೀಟಿಯನ್ನೂ ಬಿಡದೆ ಒಡೆದು ಓದುತ್ತಾನೆ ಎಂದು ಇಸ್ತ್ರಿಯವನು ಹೇಳಿದ. ನೀನು ಮಾತ್ರ ಅವಳು ಸತ್ತಳೋ ಬದುಕಿದ್ದಾಳೋ ತಿಳಿಯದೆ ಹೆಣ ನೋಡುತ್ತ ಅಲೆಯುತ್ತಿದ್ದೀ.

ಅವಳು ಬದುಕಿದ್ದಾಳೆ ಅಕ್ಕ.

ನನ್ನ ಬಾಗಿಲಿಗೇ ಬಂದಳು. ಊರೆಲ್ಲ ಬಿಟ್ಟು, ಹಿಡಿದುಕೊಟ್ಟವಳ ಬಾಗಿಲಿಗೇ ಏಕೆ ಬಂದೆ ಎಂದು ನಾನೇ ಕೇಳಿದೆ. "ಬಾಯಿ ಮುಚ್ಕೊಂಡಿರೋದನ್ನ ಈಗ ನೀವು ಕಲ್ತಿರ್ತೀರಿ ಅಂತ" ಎಂದಳು. ಬೈಗುಳವಲ್ಲ, ಲೆಕ್ಕಾಚಾರವೂ ಅಲ್ಲ. ನಂಬಿದ್ದಳು. ಅವಳನ್ನು ಒಂದು ಕಡೆ ಸೇರಿಸಿದೆ. ಎಲ್ಲಿ ಎಂದು ಇಲ್ಲೂ ಬರೆಯುವುದಿಲ್ಲ. ಊಟ ಮಾಡುತ್ತಾಳೆ, ಕೆಲಸ ಮಾಡುತ್ತಾಳೆ. ಒಂದು ಬೆರಳು ಪೂರ್ತಿ ಮಡಚಲು ಬರುವುದಿಲ್ಲ.

ಬುಧವಾರ ಈಗಲೂ ಹೋಗುತ್ತೇನೆ. ನನ್ನ ಸರದಿ ಬಂದಾಗ ಏನೂ ಇಲ್ಲ ಎನ್ನುತ್ತೇನೆ. ಕುರ್ಚಿಗಳು ಹಿಂದಕ್ಕೆ ಸರಿಯುತ್ತವೆ. "ನಿಮ್ಮ ಉರಿ ಆರ್ತಾ ಇದೆ ಸಹೋದರಿ" ಎಂದು ಪಾಸ್ಟರು ಮರುಗಿದರು. ಅದೇ ಬಾಯಲ್ಲಿ ಅವಳಿಗಾಗಿಯೂ ಪ್ರಾರ್ಥಿಸಿದರು, ಗಂಡನ ಮನೆ ಬಿಟ್ಟು ದಾರಿ ತಪ್ಪಿದ ಮಗಳು ಎಂದು. ನಾನು ಕಣ್ಣು ತೆರೆದುಕೊಂಡೇ ಕೂತಿದ್ದೆ. ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸಿ ಎಂದು ನಮ್ಮ ಯೇಸು ಹೇಳಿದ್ದು ನಮ್ಮಂಥವರ ಬಾಯಿ ನೋಡಿಯೇ ಇರಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆತನ ಜೊತೆ ನನಗೆ ಇನ್ನೂ ಮಾತುಕತೆ ಇದೆ, ಹೆಚ್ಚಾಗಿ ಜಗಳವೇ. ನೆರೆಯವರನ್ನು ಪ್ರೀತಿಸುವುದು ಎಂದರೆ ನೀರು ಹೊರುವುದು ಎಂದುಕೊಂಡಿದ್ದೆ. ನೀರು ಯಾರು ಬೇಕಾದರೂ ಹೊರುತ್ತಾರೆ.

ಈ ಪತ್ರ ನಿನಗೆ ಸೇರುವುದಿಲ್ಲ. ಸೇರಿದರೆ ಮೊದಲು ಅವನು ಓದುತ್ತಾನೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬರಿಸುವ ನನ್ನ ಹಳೇ ಚಾಳಿಗೆ ಇಷ್ಟು ಹಾಳೆ ಖರ್ಚಾಯಿತು. ಮುಗಿದ ಮೇಲೆ ಒಲೆಗೆ.

ನಿನಗೆ ಸೇರುವುದು ಬೇರೆ. ಶವಾಗಾರದ ಸುದ್ದಿಯನ್ನು ಅವಳಿಗೆ ಹೇಳಿದೆ. ಅದನ್ನು ತಿಳಿಯುವ ಹಕ್ಕು ಅವಳಿಗಿತ್ತು ಅನಿಸಿತು. ಬಿಳಿ ಶರ್ಟಿನ ಬಟ್ಟೆಯ ತುಂಡೊಂದನ್ನು ಬೇಡಿದಳು. ಅದರ ಮೇಲೆ ಎರಡು ಕಾಜಾ ಹಾಕಿಕೊಟ್ಟಳು, ಐದನೆಯದು ಮತ್ತು ಆರನೆಯದು. ಗಂಟುಗಳೆಲ್ಲ ತಿರುಗಾಮುರುಗಾ. ಒಂದು ತುದಿ ಸೊಟ್ಟ, ಮೊದಲಿಗಿಂತ ಸ್ವಲ್ಪ ಹೆಚ್ಚೇ. ನಾಳೆ ಅದನ್ನು ನಿನ್ನ ವಿಳಾಸ ಮಾತ್ರ ಇರುವ ಲಕೋಟೆಯಲ್ಲಿ ಹಾಕಿ, ದೂರದ ಅಂಚೆಪೆಟ್ಟಿಗೆಗೆ ಹಾಕಿಬರುತ್ತೇನೆ. ಕಳಿಸಿದವರ ಹೆಸರಿರುವುದಿಲ್ಲ. ಅವನು ಒಡೆದು ನೋಡಿ, ಯಾವುದೋ ಗಿರಾಕಿಯ ಮಾದರಿ ಎಂದು ನಿನ್ನ ಮುಂದೆ ಎಸೆಯುತ್ತಾನೆ. ನೀನು ಅದನ್ನು ಬೆಳಕಿಗೆ ಹಿಡಿಯುತ್ತೀ.

ಕಳಿಸಿದ್ದು ನಾನೆಂದು ನಿನಗೆ ತಿಳಿಯುವುದಿಲ್ಲ. ನನ್ನನ್ನು ಶಪಿಸುತ್ತಲೇ ಇರುತ್ತೀ. ನಿನ್ನ ಕ್ಷಮೆ ನನಗೆ ಎಷ್ಟು ಬೇಕಾಗಿದೆ ಎಂದರೆ ಈಗಲೂ ಲಕೋಟೆಯ ಮೂಲೆಯಲ್ಲಿ ಒಂದಕ್ಷರ ಗೀಚಲು ಕೈ ಹೋಗುತ್ತಿದೆ. ಪೆನ್ನನ್ನು ತಾತನ ಮನೆಯಲ್ಲಿ ಬಿಟ್ಟು ಬಂದ ಮೇಲೆಯೇ ಲಕೋಟೆ ಅಂಟಿಸುತ್ತೇನೆ.

ದೇವರು ನಿಮ್ಮಿಬ್ಬರನ್ನೂ ಕಾಯಲಿ ಅಕ್ಕ. ಆ ಮನುಷ್ಯನ ಕೈಯಿಂದ ಕಾಯಲಿ, ನನ್ನ ಬಾಯಿಂದಲೂ ಕಾಯಲಿ.

ಮೂರನೇ ಮಹಡಿಯಿಂದ,
ನೀನು ಹಿಂದೊಮ್ಮೆ ಆಮೆನ್ ಎಂದು ಕರೆಯುತ್ತಿದ್ದವಳು