ಸುಮ್ನೆ ಎಂ.ಎ.

ಜೂನ್ 3, ಸೋಮವಾರ

ಸುಟ್ಟುಹೋದ ಎರಡು ಫ್ಯಾನ್ ಮೋಟಾರಿಗೆ ಹೊಸ ತಂತಿ ಸುತ್ತಿ ಮುಗಿಸಿದೆ. ಮೂರನೆಯದಕ್ಕೆ ತಂತಿ ಹಾಕುವಾಗ ಅಕ್ಕ ಅಂಗಡಿಗೆ ನನ್ನ ಊಟದ ಡಬ್ಬಿ ತಂದಳು. ಮಾಲೀಕರು ಅವಳನ್ನು ಕೇಳಿದರು, "ಏನಮ್ಮಾ ಓದಿರೋದು?"

"ಸುಮ್ನೆ ಎಂ.ಎ. ಹಿಸ್ಟರಿ."

ಸುಮ್ನೆ ಅಂತೆ. ನಿದ್ದೆಗೆಟ್ಟು ಓದಿ, ಕ್ಲಾಸಿಗೇ ಮೊದಲು ಬಂದು — ಸುಮ್ನೆ. ಮೈಯೆಲ್ಲ ಉರಿಯಿತು. ಮಾಲೀಕರದು ಇನ್ನೂ ಚೆಂದ. "ಆರ್ಟ್ಸ್ ತಾನೆ? ನಮ್ ಬೋರ್ಡ್ ಮೇಲೊಂದು ಫ್ಯಾನ್ ಬರ್ಕೊಡು."

ಪುಣ್ಯಾತ್ಗಿತ್ತಿ ಬ್ರಷ್ ಹಿಡಿದೇಬಿಟ್ಟಳು. ಫ್ಯಾನು ದಾಸವಾಳದ ಥರ ಬಂದಿದೆ. ಅಳಿಸಲು ನಾನು ಬಿಡಲಿಲ್ಲ.

ಜೂನ್ 6

ಚಿಕ್ಕಪ್ಪ ಬಂದಿದ್ದರು. ಅಕ್ಕನನ್ನು ತಮ್ಮ ಟೈಲ್ಸ್ ಅಂಗಡಿಯಲ್ಲಿ ಬಿಲ್ ಹಾಕಲು ಕೂರಿಸುತ್ತಾರಂತೆ. "ಅದನ್ನ ಓದಿದೋರಿಗೆ ಇನ್ನೇನ್ ಸಿಗತ್ತೆ?" ಅಕ್ಕ ಹೂಂ ಅಂತ ತಲೆಯಾಡಿಸಿದಳು. "ನಿಮ್ ತಲೆ" ಅಂದೆ. ಅಮ್ಮ ಗದರಿದಳು.

ಅವರು ಹೋದ ಮೇಲೆ ಅಕ್ಕ ಬಾಯಿಬಿಟ್ಟಳು. ಕಾಲೇಜಿನ ಉದ್ಯೋಗ ಸಲಹೆಯ ಮೇಡಂ ಮಂಗಳವಾರ ಮ್ಯೂಸಿಯಂನಲ್ಲಿ ಇಂಟರ್‌ವ್ಯೂ ಕೊಡಿಸಿದ್ದಾರೆ. ಹಳೇ ಗಿರಣಿ ಕೆಲಸಗಾರರನ್ನು ಮಾತಾಡಿಸಿ ರೆಕಾರ್ಡ್ ಮಾಡುವ ಕೆಲಸ. ಇವಳಿಗೆ ಆಸೆ ಬೆಟ್ಟದಷ್ಟು. ಆದರೆ ಹೋಗುವುದಿಲ್ಲವಂತೆ.

"ನಿಂಗೇನ್ ಬರತ್ತೆ ಅಂತ ಕೇಳಿದ್ರೆ ಏನ್ ಹೇಳ್ಲಿ?"

"ಎದುರುಮನೆ ಅಜ್ಜಿ ಯಾರ ಹತ್ರಾನೂ ತುಟಿ ಬಿಚ್ಚಲ್ಲ. ನಿನ್ನ ಹತ್ರ ಬಾಯಿ ಮುಚ್ಚಲ್ಲ. ಅದು ಬರತ್ತೆ ಅನ್ನು, ಪೆದ್ದಿ."

ಜೂನ್ 9, ಭಾನುವಾರ

ಅಂಗಡಿಗೆ ರಜೆ. ಕೀ ಇಸಿದುಕೊಂಡು ಅಕ್ಕನನ್ನು ಎಳೆದುಕೊಂಡು ಹೋದೆ. ನಾನು ಇಂಟರ್‌ವ್ಯೂ ಮಾಡುವ ಸಾಹೇಬರು. ಕೈಯಲ್ಲಿ ಟೆಸ್ಟ್ ಬಲ್ಬಿನ ಎರಡು ತುದಿ — ಮೋಟಾರು ಶಾರ್ಟ್ ಆಗಿದ್ದರೆ ಝಗ್ಗನೆ ಉರಿಯುತ್ತದಲ್ಲ, ಆ ಬಲ್ಬು.

"ಏನ್ ಓದಿದೀರಿ?"

"ಸುಮ್ನೆ—"

ತುದಿಗಳನ್ನು ಒಂದಕ್ಕೊಂದು ತಾಗಿಸಿದೆ. ಝಗ್. "ಶಾರ್ಟ್."

"ಲೇ ಬೆಂಕಿಪೊಟ್ಟಣ, ಕಣ್ಣು ಹೋಗತ್ತೆ ಕಣೇ."

"ಸಾಹೇಬ್ರೇ ಅನ್ನು. ಮತ್ತೆ ಹೇಳು."

ಅದೆಷ್ಟು ಸಲ ಉರಿಯಿತೋ. ನಕ್ಕೂ ನಕ್ಕೂ ಸುಸ್ತಾಗಿ, ಕೊನೆಗೆ ಬೆನ್ನು ನೇರ ಮಾಡಿದಳು. "ಹಿಸ್ಟರೀಲಿ ಎಂ.ಎ. ಮಾಡಿದೀನಿ. ಜನ ಹೇಳೋದನ್ನ ಕೇಳಿಸ್ಕೊಳ್ಳಕ್ಕೆ ಬರತ್ತೆ. ಅವರು ಮರೆತಿದ್ದನ್ನ ನೆನಪು ಮಾಡ್ಸೋಕೂ ಬರತ್ತೆ."

ಬಲ್ಬು ಉರಿಯಲಿಲ್ಲ.

ಜೂನ್ 18

ಸಿಕ್ಕಿತು. ಸದ್ಯಕ್ಕೆ ಒಂದು ವರ್ಷಕ್ಕೆ. ಚಿಕ್ಕಪ್ಪನಿಗೆ ಅವಳೇ ಫೋನು ಮಾಡಿ ಹೇಳಿದಳು, ತಡವರಿಸದೆ.

ಮಧ್ಯಾಹ್ನ ರೆಕಾರ್ಡರ್ ಹಿಡಿದು ಅಂಗಡಿಗೇ ಬಂದಳು. ಕೈ ಪಳಗಬೇಕಂತೆ, ಮೊದಲು ನಾನಂತೆ.

"ನಿಮ್ಮ ಬಗ್ಗೆ ಹೇಳಿ."

"ನಂದೇನಿದೆ. ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೆ. ಇಲ್ಲಿ ಸುಮ್ನೆ ತಂತಿ ಸುತ್—"

ಝಗ್.

ತುದಿಗಳು ಅವಳ ಕೈಯಲ್ಲಿದ್ದವು.

"ಶಾರ್ಟ್," ಅಂದಳು. "ಮತ್ತೆ ಹೇಳು."

ಮಾಲೀಕರು ಬೆನ್ನು ತಿರುಗಿಸಿ ನಕ್ಕರು. ನಾನು ಅವಳ ಕೈಯಿಂದ ತುದಿಗಳನ್ನು ಕಿತ್ತುಕೊಂಡೆ. ಉತ್ತರ ಅಲ್ಲಿ ಬಾಯಿಗೆ ಬರಲಿಲ್ಲ. ಇಲ್ಲಿ ಬರೆಯುತ್ತೇನೆ. ನಾನು ಮೋಟಾರು ಸುತ್ತುತ್ತೇನೆ. ನಾನು ಸುತ್ತಿದ್ದು ಇಲ್ಲಿಯವರೆಗೆ ಒಂದೂ ಕೆಟ್ಟು ವಾಪಸು ಬಂದಿಲ್ಲ. ನನಗೆ ಕೆಲಸ ಬರುತ್ತದೆ.