ಮೂರು ಪದರದ ತೊಲೆ

೩ ಫೆಬ್ರವರಿ ೨೦೨೪, ಶನಿವಾರ
ಉಳಿ ಮಸೆದೆ. ಟೀ ಎರಡು ಲೋಟ. ಹಿರಿಯೂರಿನಲ್ಲಿ ನನ್ನಂಥ ಬಡಗಿ ಇನ್ನೊಬ್ಬನಿಲ್ಲ — ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.
ಅಕ್ಕನ ಮಗಳು ತೇಜಸ್ವಿನಿ ಆದಿವಾಲದಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ನಿನ್ನೆ ಹೊಸ್ತಿಲ ಪೂಜೆ. ಬಡಗಿಗೆ ಕೊಡುವ ಪಂಚೆ, ತಾಂಬೂಲ ನನ್ನೆದುರೇ ತಿಮ್ಮೇಶನಿಗೆ! ನನ್ನ ಕೈಕೆಳಗೆ ಕೀಸುಳಿ ಹಿಡಿಯಲು ಕಲಿತವನು. ತೇಜಸ್ವಿನಿಯ ಗಂಡ ಮಂಜುನಾಥ್ ಹಲ್ಲು ಕಿಸಿದ. "ಮಾವ, ನಿಮ್ದೆಲ್ಲ ಹಳೇ ಕಾಲದ ಕೆಲ್ಸ. ಸುಮ್ನೆ ಕುಂತ್ಕಂಡು ಊಟ ಮಾಡ್ರಿ." ತಿಮ್ಮೇಶನೂ ನಕ್ಕ.
ಊಟ ಮಾಡಿದೆ. ಹೋಳಿಗೆ ನಾಲ್ಕು. ಮರೆಯುವುದಿಲ್ಲ.

೧೧ ಫೆಬ್ರವರಿ, ಭಾನುವಾರ
ದಾರಿ ಸಿಕ್ಕಿತು. ಆ ಮನೆಯ ನಡುಮನೆ ಮೇಲೆ ಮರದ ಅಟ್ಟ ಬರುತ್ತದೆ. ಹದಿನಾರು ಅಡಿಯ ಇಡೀ ತೊಲೆ ಸಾಮಿಲ್‌ನಲ್ಲಿ ಇಲ್ಲ. ಗಿಡ್ಡ ಹಲಗೆಗಳನ್ನೇ ಮೂರು ಪದರ ಒತ್ತಿ ನಿಲ್ಲಿಸಿ, ಮೊಳೆ ಹೊಡೆದು ತೊಲೆ ಮಾಡಬೇಕು. ಗಟ್ಟಿ ಕೆಲಸವೇ. ಆದರೆ ಒಂದು ಪದರದಲ್ಲಿ ಹಲಗೆಗೆ ಹಲಗೆ ಕೂಡುವ ಸಂದು ಬಂದ ಕಡೆ ಪಕ್ಕದ ಪದರದ ಸಂದು ಬರಬಾರದು; ಬಂದರೆ ತೊಲೆ ಅಲ್ಲೇ ಜೋಲುತ್ತದೆ. ಇಟ್ಟಿಗೆ ಕಟ್ಟುವವನಿಗೂ ಗೊತ್ತು. ತಿಮ್ಮೇಶನಿಗೆ ಗೊತ್ತಿಲ್ಲ. ಇಂಥ ತೊಲೆ ಕಲಿಯುವ ಮೊದಲೇ ನನ್ನನ್ನು ಬಿಟ್ಟು ಹೋದವನು.
ಬೆಲ್ಲದಂಥ ಮಾತಾಡಿದೆ. "ಲೇ ತಿಮ್ಮೇಶ, ಸಂದೆಲ್ಲ ನಟ್ಟನಡುವೆ ಒಂದೇ ಗೆರೆಗೆ ತಗಂಬಾ. ಕೆಳಗೊಂದು ಹಿತ್ತಾಳೆ ಪಟ್ಟಿ ಹೊಡಿ. ಫೋಟೋದಾಗೆ ಹೆಂಗ್ ಕಾಣ್ತೈತೆ ನೋಡು!"
"ಗಟ್ಟಿ ಇರ್ತೈತಾ ಗುರುವೇ?"
"ನಾನ್ ಹೇಳ್ತಿದೀನಲ್ಲೋ!"
ಕಾಲು ಮುಟ್ಟಿದ. ಒಳಗೊಳಗೇ ನಕ್ಕೆ. ಅಟ್ಟ ಬೀಳುವುದು ಬೇಡ... ನೆಂಟರೆದುರು ಜೋಲಲಿ. ಅಷ್ಟೇ ಸಾಕು.

೨ ಮಾರ್ಚ್, ಶನಿವಾರ
ಹೋಗಿ ನೋಡಿದೆ. ಐದು ತೊಲೆ, ಐದರಲ್ಲೂ ಸಂದು ನಡುವೆಯೇ. ಹಿತ್ತಾಳೆ ಫಳಫಳ. ಮಂಜುನಾಥ್ ಸ್ಟೇಟಸ್ ಹಾಕಿಕೊಂಡಿದ್ದಾನೆ. ಹಾಕಿಕೋ, ಹಾಕಿಕೋ.

೨೧ ಏಪ್ರಿಲ್, ಭಾನುವಾರ
ಗೃಹಪ್ರವೇಶ. ಥತ್! ಅಟ್ಟದ ಮೆಟ್ಟಿಲಿನ ಪಾಲಿಶ್ ಒಣಗಿಲ್ಲವೆಂದು ಒಬ್ಬರೂ ಮೇಲೆ ಹತ್ತಲಿಲ್ಲ. ಆದರೂ ಯಾರಿಗೂ ಕಾಣದಂತೆ ದಾರ ಹಿಡಿದು ನೋಡಿದೆ. ನಡುವೆ ಒಂದು ಬೆರಳು ಜೋಲಿದೆ, ಬರೀ ಮರದ ಭಾರಕ್ಕೆ. ಬರುವಾಗ ಖುಷಿಗೆ ಮಂಡಕ್ಕಿ, ಮೆಣಸಿನಕಾಯಿ. ತಿಮ್ಮೇಶನ ಹೆಸರು ಮಣ್ಣಾಗಲು ಇನ್ನೊಂದು ಔತಣ ಸಾಕು.

೧೨ ಮೇ, ಭಾನುವಾರ. ಬೆಳಿಗ್ಗೆ ೭
ಅಕ್ಕನ ಫೋನ್. ಮಂಜುನಾಥನ ತಂಗಿ ಸುಪ್ರಿಯಾ ಬಾಣಂತನಕ್ಕೆ ಬಂದಿದ್ದಾಳಲ್ಲ, ಇವತ್ತು ಅವಳ ಕೂಸಿಗೆ ತೊಟ್ಟಿಲ ಶಾಸ್ತ್ರ. "ಬೇಗ ಬಾರಪ್ಪ. ಜನ ಜಾಸ್ತಿ, ಊಟದ ಪಂಕ್ತಿ ಅಟ್ಟದ ಮೇಲೆ. ತೊಟ್ಲು ಕೆಳಗೇನೆ, ನಡು ತೊಲೆಗೆ ಕಟ್ಟೀವಿ. ಎಷ್ಟು ಚಂದ ಐತೆ ಅಂತಿ!"
ಮೇಲೆ ನಲವತ್ತು ಜನ. ಕೆಳಗೆ ಕೂಸು. ಟೀ ಅಲ್ಲೇ ಬಿಟ್ಟು ಹೊರಟೆ.

೧೧.೩೦, ಆದಿವಾಲ
ಹಿತ್ತಲಲ್ಲಿ ಕೂತಿದ್ದೇನೆ. ಮಂಜುನಾಥನಿಗೆ ಹೇಳಿದೆ — ತಿಮ್ಮೇಶನ ಕೆಲಸ ಸರಿಯಿಲ್ಲ, ಯಾರನ್ನೂ ಹತ್ತಿಸಬೇಡ. "ಮಾವನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಕಣ್ರಪ್ಪೋ!" ಎಲ್ಲರೂ ನಕ್ಕರು. ತಿಮ್ಮೇಶ ನಗಲಿಲ್ಲ. ಹಿತ್ತಲಿಗೆ ಬಂದು, ಯಾರಿಗೂ ಕೇಳದಂತೆ, "ಗುರುವೇ, ನೀವು ಹೇಳ್ದಂಗೇ ಮಾಡಿದ್ನಲ್ಲ?" ಅಂದ.
ನನ್ನ ಮಾನ ಇವನು ಕಾಯುತ್ತಾನಂತೆ! ಅವನು ಎಲ್ಲರೆದುರು ಕೂಗಾಡಿದ್ದರೆ ನಾನೂ ಎರಡು ಬೈದು ಬಸ್ ಹತ್ತುತ್ತಿದ್ದೆ.
ಮೇಲೆ ಎಲೆ ಹಾಸುತ್ತಿದ್ದಾರೆ. ಸುಪ್ರಿಯಾ ಕೂಸಿಗೆ ಸ್ನಾನ ಮಾಡಿಸುತ್ತಿದ್ದಾಳೆ, ಅಳು ಕೇಳುತ್ತಿದೆ. ಒಳಗೆ ಹೋಗಲೇಬೇಕು. ಎಲ್ಲರೆದುರೂ. ಬಾಯಿ ತೊದಲಬಾರದು, ಮಾತನ್ನು ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ —
ಮಂಜುನಾಥ, ಕೇಳಪ್ಪ. ತಿಮ್ಮೇಶನ ತಪ್ಪಿಲ್ಲ. ಹಂಗೆ ಮಾಡು ಅಂತ ಅವನಿಗೆ ಹೇಳಿದೋನು ನಾನೇ.
ಸಾಕು, ಒಳಗೆ ಹೊರಟೆ.