ಹನ್ನೊಂದು ಸಸಿಗಳ ಸುದ್ದಿ

ಪ್ರೀತಿಯ ನುವೈರಾ ಅತ್ತಿಗೆಗೆ, ನಿನ್ನ ಬಖೀತಾಳ ಸಲಾಂ.

ಆಸ್ಪತ್ರೆಯಲ್ಲಿ ನಿನ್ನ ಕಣ್ಣಿನ ಪಟ್ಟಿ ಬಿಚ್ಚಿದರಂತೆ, ನಿನಗೆ ಮಗಳ ಮುಖ ಕಾಣಿಸಿತಂತೆ. ನೀನಿರುವ ಮುಕಲ್ಲಾ ಬಂದರಿನಿಂದ ಬಂದ ದೋಣಿಯವರು ಹೇಳಿದಾಗ ನಮ್ಮ ಸೊಕೊತ್ರಾ ದ್ವೀಪದ ಈ ಬೆಟ್ಟವೆಲ್ಲ ಕೇಳುವಂತೆ ಅಲ್ಲಾಹನನ್ನು ಸ್ತುತಿಸಿದೆ. ಈ ಕಾಗದವನ್ನು ಮಗಳೇ ಓದಿ ಹೇಳಲಿ. ಅವಳಿಗೂ ಗೊತ್ತಾಗಬೇಕಾದ ಮಾತೊಂದು ಇದರಲ್ಲಿದೆ.

ಬಿರುಗಾಳಿ ನಮ್ಮ ಇಳಿಜಾರಿನ ಒಂಬತ್ತು ಮುದಿಮರಗಳನ್ನು ಬುಡಮೇಲು ಮಾಡಿದ ವರ್ಷ ನೆನಪಿದೆಯಲ್ಲ? ಗೀರಿದರೆ ರಕ್ತದಂಥ ರಾಳ ಸುರಿಸುವ, ಕೊಡೆ ಬಿಚ್ಚಿದಂಥ ಮರಗಳು. ಮಂಜು ಕುಡಿದು ಬದುಕುವ ಅವಕ್ಕೆ ಮಂಜೇ ಅಪರೂಪವಾಗಿತ್ತು. ಬುಡದಲ್ಲಿ ಹುಡುಕಿದರೆ ಒಂದು ಎಳೆಗಿಡವೂ ಇಲ್ಲ, ಚಿಗುರಿದ್ದನ್ನೆಲ್ಲ ಆಡುಗಳು ಮೇಯುತ್ತಿದ್ದವು. ನಾನು ಉಳಿದ ಮರಗಳ ಹಣ್ಣು ಆರಿಸಿ ಬೀಜ ಬಿತ್ತಿದೆ, ಸುತ್ತ ಮೊಣಕಾಲೆತ್ತರಕ್ಕೆ ಕಲ್ಲು ಪೇರಿಸಿದೆ. ನಲವತ್ತು ಮೊಳಕೆ ಬಂದವು.

ನೀನು ಸೊಂಟಕ್ಕೆ ಕೈಕೊಟ್ಟು ನಕ್ಕೆ. "ಏನೇ, ಹತ್ತು ವರ್ಷಕ್ಕೆ ಗೇಣುದ್ದ ಬೆಳೆಯೋ ಗಿಡ ಇದು. ಇದರ ನೆರಳಲ್ಲಿ ಕೂರೋಕೆ ಸಾವಿರ ವರ್ಷ ಬದುಕ್ತೀಯಾ?"

"ನೀನೂ ಬದುಕು ಅತ್ತಿಗೆ, ಜೊತೇಲಿ ಕೂರೋಣ" ಎಂದಿದ್ದೆ.

ಮುಂದಿನದನ್ನು ನಾವಿಬ್ಬರೂ ಎಂದೂ ಬಾಯಿಬಿಟ್ಟು ಆಡಲಿಲ್ಲ. ನಿನ್ನ ಆಡುಗಳು ಗೋಡೆ ಹಾರಿದವು. ನಾನು ಓಡಿ ಬರುವಷ್ಟರಲ್ಲಿ ಉಳಿದದ್ದು ಹನ್ನೊಂದೇ ಸಸಿ. ಕೈಗೆ ಸಿಕ್ಕ ಕಲ್ಲು ಬೀಸಿದೆ. ಹಾಲು ಕೊಡುತ್ತಿದ್ದ ನಿನ್ನ ಬಿಳಿ ಆಡಿನ ಕಾಲು ಮುರಿಯಿತು. "ಆಡಿಗೂ ಒಡತಿಯಷ್ಟೇ ಕೊಬ್ಬು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ. ನೀನು ಆಡನ್ನು ಹೆಗಲಿಗೇರಿಸಿಕೊಂಡು ಹೋದೆ, ಬಿದ್ದ ಮರದ ರಾಳವನ್ನೇ ಅದರ ಗಾಯಕ್ಕೆ ಹಚ್ಚಿ ಪಟ್ಟಿ ಕಟ್ಟಿದೆ. ಎರಡು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ.

ಆ ಬೇಸಿಗೆಯಲ್ಲಿ ನೀರಿನ ತೊಟ್ಟಿ ತಳ ಕಂಡಿತು. ನಮ್ಮ ಮನೆಯ ಪಾತ್ರೆ ತೊಳೆದ ನೀರು ಸಸಿಗಳಿಗೆ ಸಾಲುತ್ತಿರಲಿಲ್ಲ. ಒಂದು ಬೆಳಗ್ಗೆ ಹೋಗಿ ನೋಡಿದರೆ ನೀನು ಗೋಡೆಯನ್ನು ಎದೆಯೆತ್ತರಕ್ಕೆ ಏರಿಸುತ್ತಿದ್ದೆ. ಪಕ್ಕದಲ್ಲಿ ನಿನ್ನ ಮನೆಯ ಅಕ್ಕಿ ತೊಳೆದ ನೀರಿನ ಕೊಡ.

"ನೋಡ್ತಾ ನಿಂತ್ಯಲ್ಲ, ಕಲ್ಲು ಕೊಡೇ."

"ನಿಂಗೆ ಆಡೇ ಮುಖ್ಯ ಅಲ್ವಾ ಅತ್ತಿಗೆ?"

"ಈ ಮರ ಇಲ್ದಿದ್ರೆ ಆಡಿನ ಕಾಲಿಗೆ ಹಚ್ಚೋ ರಾಳ ನಿಮ್ಮಪ್ಪ ತಂದ್ಕೊಡ್ತಾನಾ?"

ಅಷ್ಟೇ. ಆ ದಿನವೇ ನಿನ್ನ ಕೈ ಹಿಡಿದು ಕ್ಷಮೆ ಕೇಳಬೇಕಿತ್ತು. ಕಲ್ಲು ಎತ್ತಿ ಕೊಡುವುದೇ ಕ್ಷಮೆ ಕೇಳಿದಂತೆ ಎಂದುಕೊಂಡು ಏಳು ವರ್ಷ ಕಳೆದೆ. ಈಗ ಮಗಳ ಎದುರಿಗೇ ಹೇಳುತ್ತಿದ್ದೇನೆ: ತಪ್ಪು ನನ್ನದು ಅತ್ತಿಗೆ. ಮೂಕ ಜೀವಕ್ಕೆ ಕಲ್ಲು ಹೊಡೆದೆ, ನಿನಗೆ ಮಾತಿನಿಂದ ಹೊಡೆದೆ.

ಇನ್ನು ಊರ ಸುದ್ದಿ. ಈ ಬೇಸಿಗೆಯನ್ನೂ ಹನ್ನೊಂದು ಸಸಿಗಳು ದಾಟಿದವು. ಈಗ ಆರು ಮನೆಯ ಹೆಂಗಸರು ತೊಳೆದ ನೀರನ್ನು ಚೆಲ್ಲುವುದಿಲ್ಲ, ಸರದಿಯ ಮೇಲೆ ತಂದು ಹೊಯ್ಯುತ್ತಾರೆ. ಆಡುಗಳನ್ನು ಆಚೆ ಕಣಿವೆಗೆ ಹೊಡೆಯುತ್ತಾರೆ. ಹೋದ ಮಂಜನ್ನು ಕೂಗಿ ಕರೆಯಲು ನಮ್ಮಿಂದಾಗದು. ಆದರೆ ಈ ಗಿಡಗಳು ಬದುಕುತ್ತವೆ. ಸಮಾಧಾನಕ್ಕೆ ಹೇಳುತ್ತಿಲ್ಲ, ದಿನವೂ ಮುಟ್ಟಿ ನೋಡಿ ಹೇಳುತ್ತಿದ್ದೇನೆ. ನಾವಿಬ್ಬರೂ ಮಣ್ಣಾದ ಮೇಲೂ ಇವಕ್ಕೆ ನೀರು ತರುವವರು ಇರುತ್ತಾರೆ.

ಬೇಗ ಬಾ. ಮೇಲಿನ ದಿಣ್ಣೆಯಲ್ಲಿ ಎರಡನೆಯ ಗೋಡೆಗೆ ಜಾಗ ಗುರುತು ಮಾಡಿದ್ದೇನೆ, ಮೊದಲ ಕಲ್ಲು ನೀನೇ ಇಡಬೇಕು.

ನಿನ್ನ ಹೊಸ ನೋಟಕ್ಕೆ ಹಸಿರೇ ಕಾಣಲಿ, ಕಡಲು ನಿನ್ನನ್ನು ಕ್ಷೇಮವಾಗಿ ದಡಕ್ಕೆ ತಂದೊಪ್ಪಿಸಲಿ.

ನಿನ್ನ ಜಗಳಗಂಟಿ ನಾದಿನಿ,
ಬಖೀತಾ